ಎರಡಿಂಚು ಕಳೆ

ಜನವರಿ ೯

ಪ್ರೀತಿಯ ಅಕ್ಕ,

ಮೂರು ಸಲ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತು ಊರವರ ಕಾಗದವನ್ನೆಲ್ಲ ವಿಂಗಡಿಸಿದವಳು ನೀನು. ತಂಗಿಯ ಕಾಗದವನ್ನಾದರೂ ಓದುತ್ತೀಯಲ್ಲ.

ನಮ್ಮವರು ಹೋಗಿ ಮೂರು ತಿಂಗಳಾಯಿತು. ಅಂಗಡಿಯಲ್ಲಿ ಯಾರಾದರೂ ಮರೆತು ‘ಮಾಸ್ಟರ್’ ಎಂದು ಕೂಗಿದರೆ ಎಲ್ಲರೂ ಅವರು ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಕಡೆ ನೋಡುತ್ತಾರೆ. ನಾನು ತಲೆ ಬಗ್ಗಿಸಿ ಗುಂಡಿಗೆ ಕಾಜಾ ಹೊಲಿಯುತ್ತಾ ಕೂತಿರುತ್ತೇನೆ.

ಮೊನ್ನೆ ಅಂಗಡಿಯ ಯಜಮಾನರು ಕರೆದರು. “ನೋಡಮ್ಮ, ಇನ್ನು ಮೇಲೆ ಬಟ್ಟೆ ಮಿಷನ್ನಿನಲ್ಲಿ ಕತ್ತರಿಸಿಯೇ ಬರುತ್ತೆ. ನಿನ್ನ ಕೈಕೆಲಸಕ್ಕೇನೂ ತೊಂದರೆ ಇಲ್ಲ. ಮಾಸ್ಟರ ಮೇಜು ಮಾತ್ರ ಮಾರ್ಚ್ ಒಳಗೆ ತೆಗೀಬೇಕು. ಅದು ಅವರದ್ದೇ, ನೀನೇ ತಗೊಂಡು ಹೋಗು” ಎಂದರು. ಏಳಡಿ ಉದ್ದ, ನಾಲ್ಕಡಿ ಅಗಲ, ಮೂವತ್ತಾರು ಇಂಚು ಎತ್ತರ. ಬೆನ್ನು ಬಗ್ಗಬಾರದೆಂದು ಅವರೇ ಹೇಳಿ ಮಾಡಿಸಿದ್ದು. ಒಂದು ಮೊಳೆಯಿಲ್ಲ, ಕಾಲು ಬಿಚ್ಚಲು ಬರುವುದಿಲ್ಲ. ನಮ್ಮ ರೂಮು ಎಂಟಡಿಗೆ ಒಂಬತ್ತಡಿ. ಮೇಜು ಬಂದರೆ ನಾನೂ ಅತ್ತೆಯೂ ಅದರ ಮೇಲೆಯೇ ಸಂಸಾರ ಹೂಡಬೇಕು.

ಈ ರೂಮಿಗೂ ಬಾಡಿಗೆ ಏರಿಸುತ್ತಾರಂತೆ. ನಗರದಿಂದ ಎರಡು ಗಂಟೆ ದೂರ, ರೈಲಿನ ಕೊನೇ ಸ್ಟೇಷನ್ನಿನಲ್ಲಿ ಒಂದು ಮನೆ ಇದೆ ಎಂದು ಯಾರೋ ಹೇಳಿದರು. ಎರಡು ರೂಮು, ಮುಂದೆ ವರಾಂಡ, ನೆಲದ ಮಟ್ಟದಲ್ಲಿ. ಬಾಡಿಗೆ ಇಲ್ಲಿಯ ಅರ್ಧ. ಅತ್ತೆ ಈ ಮೂರು ಮಹಡಿ ಇಳಿದದ್ದು ಮಗನ ಹಿಂದೆ ಹೋದ ದಿನವೇ ಕೊನೆ. ಕುರ್ಚಿಯಲ್ಲಿ ಕೂರಿಸಿ ಇಳಿಸಿದರು, ಕುರ್ಚಿಯಲ್ಲಿ ಕೂರಿಸಿ ಹತ್ತಿಸಿದರು.

ಆದರೆ ಈಗ ನಾನು ಕೆಲಸಕ್ಕೆ ನಡೆಯುವುದು ಹತ್ತು ನಿಮಿಷ. ಅಲ್ಲಿಗೆ ಹೋದರೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಅತ್ತೆ ದಿನಕ್ಕೆ ಹದಿಮೂರು ಗಂಟೆ ಒಬ್ಬರೇ ಇರಬೇಕು. ಯಾವುದು ಸರಿ, ನೀನು ಹೇಳು.

ಅವರ ಮಣ್ಣಿಗೆ ನೀನು ಬರಲಿಲ್ಲ. ಹುಷಾರಿರಲಿಲ್ಲ ಎಂದು ಬರೆದಿದ್ದೆ. ಅದನ್ನು ನಾನು ಕೇಳುತ್ತಿಲ್ಲ. ಮನೆಯ ವಿಷಯ ಮಾತ್ರ ಕೇಳುತ್ತಿದ್ದೇನೆ.

ನಿನ್ನ
ಕಡ್ಡಿ


ಜನವರಿ ೧೮

ಕಡ್ಡಿ,

ಫೋನು ಕೆಟ್ಟಿದೆ. ರಿಪೇರಿಯವನು ನಾಳೆ ಅನ್ನುತ್ತಾನೆ. ಅವನ ನಾಳೆ ಬಂದಾಗ ಹೇಳುತ್ತೇನೆ.

ಮನೆ ಬೇಡ. ಮೇಜು ಮಾರಿಬಿಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದಿದ್ದಾರೆ ಹಿರಿಯರು. ಮೇಜಿಗಾಗಿ ಮನೆ ಹುಡುಕು ಅಂತ ಯಾರೂ ಅಂದಿಲ್ಲ. ಗುಂಡಿ ಸಿಕ್ಕಿತು ಅಂತ ಅಂಗಿ ಹೊಲಿಸಿದ ಹಾಗಾಯಿತು ನಿನ್ನ ಕಥೆ.

ದಿನಕ್ಕೆ ನಾಲ್ಕು ಗಂಟೆ ಅಂದರೆ ವಾರಕ್ಕೆ ಒಂದು ಇಡೀ ದಿನ ರೈಲಿನ ಹೊಟ್ಟೆಯೊಳಗೆ. ವರ್ಷಕ್ಕೆ ಐವತ್ತೆರಡು ದಿನ. ಆ ದಿನಗಳನ್ನು ಯಾರು ವಾಪಸು ಕೊಡುತ್ತಾರೆ? ಅತ್ತೆ ಬಿದ್ದರೆ ನಿನಗೆ ಗೊತ್ತಾಗುವುದು ಸಂಜೆಗೆ.

ಅಷ್ಟಕ್ಕೂ ಆ ಕೊನೇ ಸ್ಟೇಷನ್ನಿನಲ್ಲಿ ಇರುವುದಾದರೂ ಏನು? ನೀರು ಬಾರದ ನಲ್ಲಿ, ಅದರ ಪಕ್ಕ ಕಾಲು ಮುರಿದ ಕಲ್ಲುಬೆಂಚು. ಅಲ್ಲಿ ಇಳಿದವರಿಗೆ ದಿಕ್ಕು ಹೇಳುವವರೂ ಇಲ್ಲ.

ಅತ್ತೆಯ ಮಾತು ಇನ್ನೂ ಕತ್ತರಿಯ ಹಾಗಿದೆಯಾ? ಕೇಳಿದೆ ಅಂತ ಹೇಳು.

ಅಕ್ಕ


ಫೆಬ್ರವರಿ ೩

ಪ್ರೀತಿಯ ಅಕ್ಕ,

ಬೇಡ ಎಂದು ನೀನು ಬರೆದರೂ ಭಾನುವಾರ ಹೋಗಿ ಮನೆ ನೋಡಿ ಬಂದೆ. ಒಂದು ಗಂಟೆ ಐವತ್ತೆರಡು ನಿಮಿಷ. ನಗರ ಮುಗಿದ ಮೇಲೆ ಗೋಡೌನುಗಳು, ಆಮೇಲೆ ಅರ್ಧ ಕಟ್ಟಿ ಬಿಟ್ಟ ಮನೆಗಳು, ಆಮೇಲೆ ಏನೂ ಇಲ್ಲ, ಆಮೇಲೆ ಮತ್ತೆ ಮನೆಗಳು. ಅಲ್ಲಿಗೆ ಹಳಿ ಮುಗಿಯುತ್ತದೆ. ಹಳಿಯ ತುದಿಗೆ ಎರಡು ಮರದ ದಿಮ್ಮಿ ಅಡ್ಡ ಇಟ್ಟಿದ್ದಾರೆ.

ಇಳಿದವರೆಲ್ಲ ಒಂದೇ ದಾರಿಯಲ್ಲಿ ನಡೆದರು. ಇರುವುದೇ ಒಂದು ದಾರಿ. ಮನೆಯೂ ಆ ದಾರಿಯಲ್ಲೇ, ಸ್ಟೇಷನ್ನಿನಿಂದ ಆರು ನಿಮಿಷ. ಮನೆಯ ಒಡತಿ ಬೀಗ ತೆಗೆಯುತ್ತಾ, “ದೂರ ಅಂತ ಮುಖ ಸಣ್ಣ ಮಾಡ್ಬೇಡಮ್ಮ. ಬೆಳಿಗ್ಗೆ ರೈಲು ಇಲ್ಲಿಂದಲೇ ಹೊರಡುತ್ತೆ, ಖಾಲಿ ಇರುತ್ತೆ. ದೂರದೋರು ಕೂತ್ಕೊಂಡು ಹೋಗ್ತೀವಿ, ಹತ್ತಿರದೋರು ನಿಂತ್ಕೊಂಡು ಹೋಗ್ತಾರೆ” ಎಂದರು.

ನಮ್ಮವರ ಟೇಪು ತೆಗೆದುಕೊಂಡು ಹೋಗಿದ್ದೆ. ಮುಂದಿನ ಎರಡಿಂಚು ಹರಿದುಹೋದ ಟೇಪು, ನೀನೂ ನೋಡಿದ್ದೀಯ. ಹೊಸದು ತನ್ನಿ ಎಂದರೆ ‘ಇದಕ್ಕೆ ನನ್ನ ಕೈ ಗೊತ್ತು’ ಎನ್ನುತ್ತಿದ್ದರು. ಅವರು ಅಳತೆ ಓದುವುದು, ನಾನು ಎರಡು ಕಳೆದು ಪುಸ್ತಕದಲ್ಲಿ ಬರೆಯುವುದು. ಇಪ್ಪತ್ತೊಂದು ವರ್ಷ ಹಾಗೇ ನಡೆಯಿತು. ಅಂಗಡಿಯಲ್ಲಿ ಅದು ಗಾದೆಯೇ ಆಗಿಹೋಗಿತ್ತು. ಯಾರಾದರೂ ಜಂಬ ಕೊಚ್ಚಿದರೆ ‘ಅವನ ಮಾತಲ್ಲಿ ಎರಡಿಂಚು ಕಳೆ’ ಎನ್ನುತ್ತಿದ್ದರು. ಬಾಗಿಲಿಗೆ ಟೇಪು ಹಿಡಿದೆ. ಮೂವತ್ತೇಳು ಎಂದು ಗಟ್ಟಿಯಾಗಿಯೇ ಓದಿದೆ. ಮೇಜನ್ನು ಅಡ್ಡ ಮಲಗಿಸಿ ತಂದರೆ ಮೂವತ್ತಾರು, ಒಂದಿಂಚು ಉಳಿಯುತ್ತದೆ.

ಅತ್ತೆಯನ್ನು ಕೇಳಿದೆ, ಅಷ್ಟು ದೂರ ಆದೀತೇ ಎಂದು. “ದೂರ ಅಂದ್ರೆ ಏನೇ? ನನಗೆ ಈ ಮೆಟ್ಟಿಲೇ ಪರದೇಶ” ಎಂದರು.

ಇನ್ನೂ ತೀರ್ಮಾನ ಮಾಡಿಲ್ಲ.

ನಲ್ಲಿ ಇದೆ. ಬೆಂಚೂ ಇದೆ, ಒಂದು ಕಾಲು ಮುರಿದಿದೆ. ನಿನಗೆ ಹೇಗೆ ಗೊತ್ತು?

ಕಡ್ಡಿ


ಫೆಬ್ರವರಿ ೧೨

ಕಡ್ಡಿ,

ಮುರಿದ ಬೆಂಚು ಯಾವ ಸ್ಟೇಷನ್ನಿನಲ್ಲಿಲ್ಲ? ಕಡ್ಡಿಯನ್ನು ಗುಡ್ಡ ಮಾಡುವುದನ್ನು ಇನ್ನೂ ಬಿಟ್ಟಿಲ್ಲ ನೀನು.

‘ತೀರ್ಮಾನ ಮಾಡಿಲ್ಲ’ ಅನ್ನುವಲ್ಲಿ ನಿನ್ನ ಅಕ್ಷರ ಓರೆಯಾಗಿದೆ. ಸುಳ್ಳು ಬರೆಯುವಾಗ ನಿನ್ನ ಸಾಲು ಕೆಳಗಿಳಿಯುತ್ತೆ. ಸ್ಲೇಟಿನ ಕಾಲದಿಂದ ನೋಡಿದ್ದೇನೆ.

ಒಂದು ಮಾತು ಹೇಳಿಬಿಡುತ್ತೇನೆ. ಆ ಊರಿಗೆ ನಾನು ಬರುವವಳಲ್ಲ. ಆ ರೈಲು ಹತ್ತುವವಳಲ್ಲ. ಅಲ್ಲಿಗೇ ಹೋಗುತ್ತೀಯಾದರೆ ನಮ್ಮದು ಇನ್ನು ಕಾಗದದ ನೆಂಟಸ್ತನ, ಅಷ್ಟೆ.

ಅಕ್ಕ


ಮಾರ್ಚ್ ೩೦

ಅಕ್ಕ,

ಹೊಸ ವಿಳಾಸ ಲಕೋಟೆಯ ಹಿಂದೆ ಇದೆ. ನೀನು ಹೇಳಿದ್ದು ನಿಜ, ಆ ಭಾನುವಾರವೇ ಮಾತು ಕೊಟ್ಟು ಬಂದಿದ್ದೆ.

ಮೇಜು ಬಾಗಿಲಲ್ಲಿ ಹಿಡಿಸಲಿಲ್ಲ. ನಾಲ್ಕು ಜನ ಆಳು ಬಂದಿದ್ದರು. ಅಡ್ಡ ಮಲಗಿಸಿದರು, ಓರೆ ಮಾಡಿದರು, ಕಾಲು ಮೊದಲು ತೂರಿಸಿದರು, ಒಳಗಿನ ಗೋಡೆಗೆ ತಾಗಿತು. ನುಂಗಲೂ ಆಗದೆ ಉಗುಳಲೂ ಆಗದೆ ಮನೆ ಬಾಯಿ ತೆರೆದುಕೊಂಡು ನಿಂತಿತ್ತು. “ಅಳತೆ ತಗೊಂಡಿದ್ದು ಯಾರಮ್ಮ?” ಎಂದು ಅವರಲ್ಲಿ ಹಿರಿಯವನು ಕೇಳಿದ.

ಆಗ ಹೊಳೆಯಿತು. ಮೂವತ್ತೇಳು ಎಂದು ಓದಿದ್ದೆ, ಎರಡು ಕಳೆದಿರಲಿಲ್ಲ. ಬಾಗಿಲು ಇರುವುದು ಮೂವತ್ತೈದು. ಇಪ್ಪತ್ತೊಂದು ವರ್ಷ ಒಂದು ದಿನವೂ ಕಳೆಯಲು ಮರೆಯದವಳು ನಾನು. ಆ ದಿನ ಅವರ ಜಾಗದಲ್ಲಿ ನಿಂತು ಓದಿದೆ. ನನ್ನ ಜಾಗದಲ್ಲಿ ನಿಂತು ಕಳೆಯುವವರು ಯಾರೂ ಇರಲಿಲ್ಲ.

ಮೇಜು ವರಾಂಡದಲ್ಲೇ ಉಳಿಯಿತು, ದಾರಿಗೆ ಮುಖ ಮಾಡಿಕೊಂಡು. ಅತ್ತೆ ಅದನ್ನು ಸುತ್ತ ತಡವಿ ನೋಡಿ, “ಬದುಕಿದ್ದಾಗ ನನ್ನ ಮಗ ಯಾವತ್ತು ಮನೆಯೊಳಗಿದ್ದ? ಅವನ ಮೇಜೂ ಹಾಗೇ. ಹೊರಗೇ ಬಿದ್ದಿರ್ಲಿ ಬಿಡು” ಎಂದರು. ಅತ್ತೆ ನಕ್ಕರು. ನಾನು ಅತ್ತೆ.

ಜೊತೆಗೆ ಒಬ್ಬರು ಇದ್ದಿದ್ದರೆ ಎನಿಸಿತು. ನೀನು ಇದ್ದಿದ್ದರೆ. ಆದರೆ ನೀನು ತಂಗಿಯ ಗಂಡನ ಮಣ್ಣಿಗೇ ಬರದವಳು. ನಾನು ಎಷ್ಟು ಕೂಗಿದರೂ ನಿನ್ನ ಕಿವಿಗೆ ಬೀಳುವುದಿಲ್ಲ ಅಕ್ಕ. ಕಾಗದದ ನೆಂಟಸ್ತನವೂ ಬೇಡ ಎನಿಸಿದರೆ ಬರೆಯಬೇಡ.


ಮೇ ೪

ಅಕ್ಕ,

ಬರೆಯಬೇಡ ಎಂದವಳು ನಾನೇ. ಆದರೂ ದಿನಾ ಸಂಜೆ ಬಂದು ಕಾಗದ ಬಂತೇ ಎಂದು ಅತ್ತೆಯನ್ನು ಕೇಳುತ್ತೇನೆ. “ಬೈದು ಬರೆದೋಳಿಗೆ ಓಲೆ ಬೇರೆ ಬೇಕಾ?” ಎನ್ನುತ್ತಾರೆ.

ಏಪ್ರಿಲ್ ಕಷ್ಟವಾಯಿತು. ಬೆಳಿಗ್ಗೆ ಆರೂ ಹತ್ತರ ರೈಲು, ಸಂಜೆ ಎಂಟಕ್ಕೆ ಮನೆ. ನೀನು ಹೇಳಿದ ಐವತ್ತೆರಡು ದಿನಗಳನ್ನು ಕಿಟಕಿಯ ಹೊರಗೆ ಎಣಿಸುತ್ತಿದ್ದೆ. ಮೊದಲ ಮೂರು ವಾರ ಕಿಟಕಿಗೆ ಮುಖ ಕೊಟ್ಟುಕೊಂಡು ಅಳುತ್ತಾ ಹೋದೆ. ರೂಮಿನಲ್ಲಿ ಅತ್ತೆಯ ಎದುರು ಅಳಲಾಗುತ್ತಿರಲಿಲ್ಲ, ಅಂಗಡಿಯಲ್ಲಿ ಯಾರ ಎದುರೂ ಆಗುತ್ತಿರಲಿಲ್ಲ. ರೈಲಿನಲ್ಲಿ ಎರಡು ಗಂಟೆ ಯಾರೂ ಏನೂ ಕೇಳಲಿಲ್ಲ. ಅದೊಂದು ಉಪಕಾರ.

ನಾಲ್ಕನೇ ವಾರ ಎದುರಿಗೆ ಒಬ್ಬರು ಸೆಕ್ಯೂರಿಟಿಯವರು ಬಂದು ಕೂತರು. ಅಂಗಿಯ ಎದೆಯ ಗುಂಡಿ ಇರಲಿಲ್ಲ, ಅದನ್ನು ಕೈಯಿಂದ ಮುಚ್ಚಿಕೊಂಡಿದ್ದರು. ಹಿಂದಿನ ಸಂಜೆಯ ನೂಕಾಟದಲ್ಲಿ ಕಿತ್ತುಹೋಯಿತಂತೆ. ಯೂನಿಫಾರಮ್ಮಿನಲ್ಲಿ ಗುಂಡಿ ಇಲ್ಲದಿದ್ದರೆ ಗೇಟಿನಿಂದಲೇ ವಾಪಸು ಕಳಿಸುತ್ತಾರಂತೆ. ನನ್ನ ಚೀಲದಲ್ಲಿ ಸೂಜಿ ದಾರ ಗುಂಡಿ ಯಾವಾಗಲೂ ಇರುತ್ತದೆ. “ಅಲ್ಲಾಡಬೇಡಿ” ಎಂದು ಹೇಳಿ ಅಂಗಿ ಮೈಮೇಲಿದ್ದ ಹಾಗೇ ಹಾಕಿಕೊಟ್ಟೆ.

ಮಾರನೇ ದಿನ ಪಕ್ಕದ ಸೀಟಿನ ನರ್ಸು ಬಿಚ್ಚಿಹೋದ ಅಂಚು ತೋರಿಸಿದರು. ಅದರ ಮಾರನೇ ದಿನ ಮೂರು ಜನ. ಈ ಊರಿನ ಪೇಟೆಯಲ್ಲಿ ಒಬ್ಬ ಟೈಲರ್ ಇದ್ದಾನೆ. ಅವನು ಹತ್ತಕ್ಕೆ ತೆರೆದು ಏಳಕ್ಕೆ ಮುಚ್ಚುತ್ತಾನೆ. ಇವರೆಲ್ಲ ಆರಕ್ಕೆ ಹೋಗಿ ಎಂಟಕ್ಕೆ ಬರುವವರು. ಇಡೀ ಊರೇ ಗುಂಡಿ ಕಿತ್ತ ಅಂಗಿಯಲ್ಲಿ ಓಡಾಡುತ್ತಿದೆ ಅಕ್ಕ.

ಕಿವಿಗೆ ಬೀಳುವುದಿಲ್ಲ ಎಂದು ಬರೆದದ್ದು ಕೋಪದಲ್ಲಿ. ಆ ಸಾಲು ಹೊಡೆದುಹಾಕು.

ಕಡ್ಡಿ


ಮೇ ೧೩

ಕಡ್ಡಿ,

ಆ ಸಾಲು ಹೊಡೆದುಹಾಕಲಾರೆ. ನೀನು ಬರೆದದ್ದೇ ಸರಿ. ಬೀಳುವುದಿಲ್ಲ. ನಿಜವಾಗಿಯೂ ಕಿವಿಗೆ ಏನೂ ಬೀಳುವುದಿಲ್ಲ. ಫೋನು ಕೆಟ್ಟಿಲ್ಲ ಕಣೇ, ನಾನು ಕೆಟ್ಟಿದ್ದೇನೆ. ಒಂದೂವರೆ ವರ್ಷವಾಯಿತು. ಮೂವತ್ತು ವರ್ಷ ಕಾಗದದ ಮೇಲೆ ಮುದ್ರೆ ಕುಟ್ಟಿದ ಸದ್ದು ಒಳಗೇ ಉಳಿದು, ಬೇರೆ ಸದ್ದಿಗೆ ಜಾಗ ಕೊಡುತ್ತಿಲ್ಲ ಅಂತ ಕಾಣುತ್ತೆ.

ಅಕ್ಟೋಬರಿನಲ್ಲಿ ಪಕ್ಕದ ಮನೆಯಾಕೆ ಫೋನು ತೆಗೆದು, ಮಾಸ್ಟರು ಹೋದರು ಅಂತ ಚೀಟಿಯಲ್ಲಿ ಬರೆದು ತೋರಿಸಿದಳು. ಮಾರನೇ ಬೆಳಿಗ್ಗೆ ಪ್ಯಾಸೆಂಜರ್ ಹತ್ತಿದೆ. ನಾನು ಹೊರಟಿದ್ದೆ ಕಡ್ಡಿ. ನಗರ ಬಂದಾಗ ಬೋರ್ಡು ಕಾಣದ ಹಾಗೆ ಜನ ನಿಂತಿದ್ದರು. ಸ್ಟೇಷನ್ನಿನ ಹೆಸರು ಕೂಗಿರಬೇಕು. ಪಕ್ಕದವರನ್ನು ಕೇಳಿದೆ, ಏನೋ ಹೇಳಿದರು, ತಲೆಯಾಡಿಸಿದೆ. ಕೇಳಿಸಿತು ಅಂತ ತಲೆಯಾಡಿಸುವುದು ನನಗೆ ಚಾಳಿಯಾಗಿದೆ. ನಗರ ದಾಟಿಹೋಯಿತು. ರೈಲು ನಿಂತು, ಎಲ್ಲರೂ ಇಳಿದರು. ನಾನೂ ಇಳಿದೆ. ನೀರು ಬಾರದ ನಲ್ಲಿ, ಕಾಲು ಮುರಿದ ಬೆಂಚು.

ನಗರದ ಕಡೆಗೆ ಹೋಗುವ ರೈಲು ಮೂರು ನನ್ನ ಮುಂದೆಯೇ ಹೋದವು. ಹತ್ತಲು ಧೈರ್ಯ ಬರಲಿಲ್ಲ. ಮತ್ತೆ ನಡುವೆ ಇಳಿಯಬೇಕಲ್ಲ. ನೀನು ಅಲ್ಲಿ ಅವರನ್ನು ಕಳಿಸಿಕೊಡುತ್ತಿದ್ದೆ, ನಾನು ಇಲ್ಲಿ 'ಇದು ಎಲ್ಲಿಗೆ' ಅಂತ ಕೇಳಲು ನಾಚಿಕೊಂಡು ಕೂತಿದ್ದೆ. ಸಂಜೆ ಅದೇ ಪ್ಯಾಸೆಂಜರ್ ಹತ್ತಿ ವಾಪಸು ಬಂದೆ. ಆ ಕಡೆಯ ತುದಿ ನನ್ನೂರು, ತಪ್ಪುವ ಹಾಗಿಲ್ಲ. ಮನೆಗೆ ಬಂದು ಹುಷಾರಿರಲಿಲ್ಲ ಅಂತ ಬರೆದೆ.

ನೀನು ಮನೆ ಮಾಡುತ್ತೀನಿ ಅಂದದ್ದು, ಇಷ್ಟು ದೊಡ್ಡ ಲೋಕದಲ್ಲಿ, ಆ ಬೆಂಚಿನ ಊರಲ್ಲೇ.

ಅಕ್ಕ


ಮೇ ೧೮

ನನ್ನ ಅಕ್ಕ,

ನಿನ್ನ ಕಾಗದವನ್ನು ಅತ್ತೆ ಹಿಂದಿನ ದಿನವೇ ತೆಗೆದಿಟ್ಟು ಮರೆತಿದ್ದರು. ಬೆಳಿಗ್ಗೆ ಹೊರಡುವಾಗ ಕೊಟ್ಟರು. ಸ್ಟೇಷನ್ನಿಗೆ ನಡೆಯುತ್ತಾ ಓದಿದೆ. ಆ ಬೆಂಚಿನ ಮೇಲೆ ಕೂತು ಮತ್ತೆ ಓದಿದೆ. ಆರೂ ಹತ್ತರ ರೈಲು ನನ್ನ ಮುಂದೆಯೇ ಹೋಯಿತು. ಇಪ್ಪತ್ತೊಂದು ವರ್ಷದಲ್ಲಿ ಅಂಗಡಿಗೆ ತಡವಾಗಿ ಹೋದದ್ದು ಅದೇ ಮೊದಲು. ಯಜಮಾನರು ಕಾರಣ ಕೇಳಿದರು. ‘ಅಕ್ಕ ಬಂದಿದ್ದಳು’ ಎಂದೆ. ಸುಳ್ಳಲ್ಲವಲ್ಲ. ನೀನು ಬಂದಿದ್ದೆ. ಅಷ್ಟು ಸಾಕು ನನಗೆ.

ಅಲ್ಲಿಂದ ಆರು ನಿಮಿಷ ನಡೆದಿದ್ದರೆ ನಮ್ಮ ಮನೆ. ಆಗ ಬೀಗ ಹಾಕಿತ್ತು, ಅಷ್ಟೆ. ನೀನು ತಪ್ಪಿ ಇಳಿದದ್ದಲ್ಲ ಅಕ್ಕ. ಐದು ತಿಂಗಳು ಮೊದಲೇ ಇಳಿದೆ.

ಕಡ್ಡಿ


ಜುಲೈ ೬

ಪ್ರೀತಿಯ ಅಕ್ಕ,

ಹೇಳುವುದು ಬಹಳ ಇದೆ. ಮೊದಲಿನಿಂದ ಹೇಳುತ್ತೇನೆ.

ಮೇಜು ಮನೆಯೊಳಗೆ ಹೋಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ವರಾಂಡದಲ್ಲಿ ಇದ್ದದ್ದರಿಂದ ಸ್ಟೇಷನ್ನಿಗೆ ಹೋಗುವವರೆಲ್ಲ ಅದರ ಮುಂದೆಯೇ ಹೋಗಬೇಕು. ಈಗ ಬೆಳಿಗ್ಗೆ ಐದೂವರೆಯಿಂದ ಆರರವರೆಗೆ ಅದರ ಮೇಲೆ ಬಟ್ಟೆ ಇಟ್ಟು ಹೋಗುತ್ತಾರೆ, ನಾನು ರಾತ್ರಿ ಕೂತು ಹೊಲಿದದ್ದನ್ನು ಮಾರನೇ ಸಂಜೆ ಬರುವಾಗ ತೆಗೆದುಕೊಳ್ಳುತ್ತಾರೆ. ಅತ್ತೆ ಕುರ್ಚಿ ಹಾಕಿಕೊಂಡು ಕೂತು ಎಲ್ಲರನ್ನೂ ವಿಚಾರಿಸುತ್ತಾರೆ. “ಇದೇನಪ್ಪಾ, ಪ್ಯಾಂಟೋ ಜರಡಿಯೋ?” ನರ್ಸು ಸೊಂಟ ಸಡಿಲ ಮಾಡಿ ಎಂದರೆ, “ಹೊಲಿಗೆ ಬಿಚ್ಚಿಸೋ ಬದಲು ಬಾಯಿಗೆ ಎರಡು ಹೊಲಿಗೆ ಹಾಕಿಸ್ಕೋ” ಎನ್ನುತ್ತಾರೆ. ಬೈಸಿಕೊಳ್ಳಲೆಂದೇ ಕೆಲವರು ನಿಲ್ಲುತ್ತಾರೆ. ಮೂರನೇ ಮಹಡಿಯಲ್ಲಿ ಅತ್ತೆಗೆ ಬೈಯಲು ನಾನೊಬ್ಬಳೇ ಇದ್ದೆ.

ಕಳೆದ ತಿಂಗಳು ಆ ಸೆಕ್ಯೂರಿಟಿಯವರು ಅಂಗಿಯ ಬಟ್ಟೆ ತಂದು ಮೇಜಿನ ಮೇಲಿಟ್ಟರು. ಹೊಸದು, ಕತ್ತರಿಸದ್ದು. ನಾನು ಕಾಜಾ ಹಾಕುವವಳು, ಕತ್ತರಿಸುವವಳಲ್ಲ ಎಂದೆ. “ಇಪ್ಪತ್ತೊಂದು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದೇನು, ಅವನ ಮುಖಾನಾ?” ಎಂದು ಅತ್ತೆ ಒಳಗಿನಿಂದ ಕತ್ತರಿ ತಂದುಕೊಟ್ಟರು. ಗೆರೆ ಎಳೆದೆ, ಅಳಿಸಿದೆ, ಎಳೆದೆ. ಅವರ ಕತ್ತರಿ ನನ್ನ ಬೆರಳಿಗೆ ದೊಡ್ಡದು. ಮೊದಲ ಸಲ ಕಚ್ಚಿದ ಮೇಲೆ ಅದೇ ದಾರಿ ಹುಡುಕಿಕೊಂಡು ಹೋಯಿತು. ಅಂಗಿ ಕೂತಿತು ಅಕ್ಕ. ಹೆಗಲಲ್ಲಿ ಒಂದು ಸುಕ್ಕಿಲ್ಲ. ಈಗ ಆ ಸೆಕ್ಯೂರಿಟಿಯವರ ಜೊತೆಯ ಹದಿನಾಲ್ಕು ಜನರದ್ದೂ ನನ್ನಲ್ಲೇ.

ಮೊನ್ನೆ ಯಜಮಾನರಿಗೆ ಕೆಲಸ ಬಿಡುತ್ತೇನೆ ಎಂದೆ. “ಎರಡು ಗಂಟೆ ದೂರ ಹೋಗಿ ಹಾಳಾದೆ ಅಂದ್ಕೊಂಡಿದ್ದೆ. ಆದರೆ ಕೋಟಿನ ಕಾಜಾ ನಿನ್ನ ಬಿಟ್ಟರೆ ಯಾರು ಹಾಕ್ತಾರೆ? ರೈಲಲ್ಲಿ ಕಳಿಸ್ತೀನಿ, ಆಗುತ್ತಾ?” ಎಂದರು. ಆಗುತ್ತೆ ಎಂದೆ. ಈಗ ಕೆಲಸವೇ ಎರಡು ಗಂಟೆ ಪ್ರಯಾಣ ಮಾಡಿಕೊಂಡು ನನ್ನ ಹತ್ತಿರ ಬರುತ್ತದೆ.

ನಿನ್ನೆ ಬೆಳಿಗ್ಗೆ ದಾರಿಯಿಂದ ಯಾರೋ ‘ಮಾಸ್ಟರ್’ ಎಂದು ಕೂಗಿದರು. ಅಭ್ಯಾಸಬಲ, ತಿರುಗಿ ಮೇಜಿನ ಕಡೆ ನೋಡಿದೆ. ಮೇಜಿನ ಹತ್ತಿರ ನಾನೇ ನಿಂತಿದ್ದೆ.

ಒಂದೇ ತೊಂದರೆ. ನಾನು ಅಳತೆ ಓದುತ್ತೇನೆ, ಬರೆಯುವವರಿಲ್ಲ. ಅತ್ತೆಗೆ ಕೊಟ್ಟರೆ ಅವರ ಮೂರೂ ಎಂಟೂ ಒಂದೇ. ನರ್ಸಿನ ಮೂವತ್ತೆಂಟು ಸೊಂಟ ಮೂವತ್ತಮೂರಾಯಿತು. ಆಕೆ ಖುಷಿಪಟ್ಟರು, ಪ್ಯಾಂಟು ಪಡಲಿಲ್ಲ. ಎರಡು ಕಳೆಯುವುದಂತೂ ಅತ್ತೆಗೆ ಒಗ್ಗುವುದೇ ಇಲ್ಲ. “ಇದ್ದದ್ದನ್ನ ಯಾಕೆ ಕಳೀಬೇಕು?” ಎನ್ನುತ್ತಾರೆ.

ಅಕ್ಕ, ನಿಮ್ಮೂರಿನ ಪ್ಯಾಸೆಂಜರ್ ನಮ್ಮಲ್ಲೇ ಕೊನೆಗೊಳ್ಳುತ್ತದೆ. ಇಲ್ಲಿ ಯಾರೂ ಯಾವ ಹೆಸರನ್ನೂ ಕೂಗುವುದಿಲ್ಲ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಮುಂದೆ ಹಳಿಯೇ ಇಲ್ಲ. ಎಲ್ಲರೂ ಇಳಿದಾಗ ಇಳಿ. ಎಲ್ಲರೂ ನಡೆಯುವ ದಾರಿಯಲ್ಲಿ ನಡೆ. ಹೊರಗೆ ಮೇಜು ಇರುವ ಮನೆ.

ಕಡ್ಡಿ


ಜುಲೈ ೧೧

ಕಡ್ಡಿ,

ಈ ಕಾಗದ ಇವತ್ತು ಮೂರು ಗಂಟೆಯ ಚೀಲಕ್ಕೆ ಬೀಳುತ್ತೆ. ನಾಳೆ ಬೆಳಗಿನ ಪ್ಯಾಸೆಂಜರಿನಲ್ಲಿ ಹೊರಡುತ್ತೆ. ನಾನೂ ಅದರಲ್ಲೇ ಹೊರಡುತ್ತೇನೆ. ಇಬ್ಬರೂ ಒಟ್ಟಿಗೇ ಇಳಿಯುತ್ತೇವೆ. ಆದರೆ ಕಾಗದ ನಿಮ್ಮ ಅಂಚೆ ಕಚೇರಿಯಲ್ಲಿ ಒಂದು ದಿನ ಮಲಗುತ್ತೆ, ಅಲ್ಲಿಯವರ ಕೆಲಸ ನನಗೆ ಗೊತ್ತಿದೆ. ಹಾಗಾಗಿ ನೀನು ಇದನ್ನು ಓದುವಾಗ ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ಅಕ್ಷರ ತಿಳಿಯದಿದ್ದರೆ ಕೇಳು.

ಸ್ಟೇಷನ್ನಿಗೆ ಬಂದು ನಿಲ್ಲಬೇಡ ಅನ್ನಬೇಕು ಅಂತಿದ್ದೆ. ಕಾಗದ ತಡವಾಗಿ ಮುಟ್ಟುವುದರಿಂದ ಹೇಗೂ ನೀನು ನಿಂತಿರುವುದಿಲ್ಲ. ಒಳ್ಳೆಯದಾಯಿತು. ಆ ದಾರಿ ನಾನೊಬ್ಬಳೇ ನಡೆದು ಬರಬೇಕು. ಬೆಂಚಿನ ಮೇಲೆ ಒಂದು ನಿಮಿಷ ಕೂತು ಬರುತ್ತೇನೆ. ಅದಕ್ಕೂ ನನಗೂ ಮಾತು ಬಾಕಿ ಇದೆ.

ಎಷ್ಟು ದಿನ ಇರುತ್ತೀಯ ಅಂತ ಅತ್ತೆ ಕೇಳುತ್ತಾರೆ. ಬೈದರೂ ಕೇಳಿಸುವುದಿಲ್ಲ, ಆದ್ದರಿಂದ ತುಂಬಾ ದಿನ ಅಂತ ಹೇಳು.

ಅಳತೆಯ ಪುಸ್ತಕ ಎತ್ತಿಡು, ಪೆನ್ನು ನಾನೇ ತರುತ್ತೇನೆ. ನೀನು ಎಷ್ಟು ಗಟ್ಟಿಯಾಗಿ ಓದಿದರೂ ನನಗೆ ಕೇಳಿಸುವುದಿಲ್ಲ. ಟೇಪನ್ನು ನನ್ನ ಕಡೆ ತಿರುಗಿಸಿ ಹಿಡಿ.

ನಾನು ಎರಡು ಕಳೆದು ಬರೆಯುತ್ತೇನೆ.

ಅಕ್ಕ